ಒಂದs ಮ್ಯಾಳದ ಭಜನಿ ಕೇಳೋ ಮಂದಿ ಒಬ್ಬರಿಗೊಬ್ಬರು ಗುರ್ತಾಗಬೇಕಂದ್ರ ಏನ್ ಮಾಡಬೇಕು

ಪ್ರತಿ ಸೋಮವಾರ ಅದs ಗುಡಿ, ಅದs ಜಮಖಾನಿ, ಕಂಬಕ್ಕ ಆತುಕೊಂಡು ಕುಂದ್ರೋ ಅವರs ಮಂದಿ. ಯಾವ ಪದಕ್ಕ ಯಾರು ತಲಿ ತೂಗತಾರ, ಎರಡನೇ ನುಡಿ ಬರೋದ್ರಾಗ ಯಾರು ಕಣ್ಣ ಒರಸಿಕೊಳ್ತಾರ, ಯಾರು ತಾಳ ತಪ್ಪಿಸಿ ಚಪ್ಪಾಳಿ ಬಡಿತಾರ, ಎಲ್ಲಾ ನಮಗ ಗೊತ್ತಿರತೈತಿ, ಆದ್ರ ಅದs ಮನಷ್ಯಾ ಮಂಗಳವಾರ ಮುಂಜಾನೆ ಎದ್ದು ಎಲ್ಲಿ ದುಡಿಯಾಕ ಹೋಗತಾನ ಅಂತ ಯಾರರ ಕೇಳಿದ್ರ ನಾವು ಬಾಯಿ ಮುಚ್ಚಕೊಂಡು ಕೂಡತೀವಿ. ಮಂಗಳಾರತಿ ಆತು, ಪ್ರಸಾದ ಕೈಯಾಗ ಬಿತ್ತು, ಚಪ್ಪಲಿ ಹುಡಿಕ್ಯಾಡಿ ಗಾಡಿ ಸ್ಟಾರ್ಟ್ ಮಾಡಿ ಹೋಗಿಬಿಡೋದು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಎಷ್ಟ ಭಜನಿ ಮ್ಯಾಳ ಅದಾವ ನೋಡ್ರಿ, ಅವಕ್ಕೆಲ್ಲಾ ತಪ್ಪದ ಬರೋ ಮಂದಿ ಇದ್ದs ಇರ್ತಾರ, ಈ ಬರೆದದ್ದು ಅಂಥವರ ಸಲುವಾಗಿ. ಹಾಡೋರ ಬಗ್ಗೆ ಅಲ್ಲ, ಕೇಳೋರ ಬಗ್ಗೆ.

ಮೊದಲ ಒಂದು ಮಾತು ಹೇಳತೀನಿ, "ಪರಿಚಯ ಕಾರ್ಯಕ್ರಮ" ಅಂತ ಮಾತ್ರ ಇಡಬ್ಯಾಡ್ರಿ. ಮೈಕ್ ಕೈಯಾಗ ಕೊಟ್ಟು ಹೆಸರು ಹೇಳ್ರಿ, ಊರು ಹೇಳ್ರಿ, ಏನ್ ಮಾಡ್ತೀರಿ ಹೇಳ್ರಿ ಅಂದ್ರ ಮಾತಾಡೋರು ಅದs ಮೂರ ಮಂದಿ, ಅವರಂತೂ ಮೈಕ್ ಬಿಡೂದs ಇಲ್ಲ, ಉಳದ ಹೆಣ್ಮಕ್ಕಳು ಸೆರಗ ಬಾಯಿಗೆ ಹಿಡಕೊಂಡು ನಕ್ಕು ಮೈಕ್ ಮುಂದಿನವರಿಗೆ ದಾಟಿಸಿಬಿಡತಾರ. ಅದರಿಂದ ಯಾರ ಬಗ್ಗೆನೂ ಏನೂ ತಿಳಿಯೂದಿಲ್ಲ.

ಅದರ ಬದಲಿ ಅರ್ಧಾ ತಾಸು ಮೊದಲ ಹೋಗ್ರಿ. ಜಮಖಾನಿ ಹಾಸೋದಿರತೈತಿ, ಮೈಕಿನ ವಾಯರ್ ಎಳಿಯೋದಿರತೈತಿ, ಪೇಟಿ ತರೋದಿರತೈತಿ, ತಬಲಾದವರು ಸುತ್ತಿಗಿ ತಗೊಂಡು ಟಕ್ ಟಕ್ ಅಂತ ಸ್ವರ ಕೂಡಸ್ತಿರತಾರ, ಪೇಟಿ ಮಾಸ್ತರು ಶ್ರುತಿ ಇವತ್ತ ಕಾಳಿ ಎರಡ ಹಿಡೀಲ್ಯೋ ಕಾಳಿ ಒಂದs ಸಾಕೋ ಅಂತ ಹಾಡೋರನ್ನ ಕೇಳತಿರತಾರ. ಈ ಹೊತ್ತಿನ್ಯಾಗ ಕೈಯಾಗ ಏನರ ಕೆಲಸ ಇರತೈತಿ, ಕೈಯಾಗ ಕೆಲಸ ಇದ್ದಾಗ ಬಾಯಿ ತಾನs ಬಿಚ್ಚತೈತಿ. ಜಮಖಾನಿಯ ಒಂದ ತುದಿ ನೀವು ಹಿಡದು ಇನ್ನೊಂದ ತುದಿ ಗುರ್ತ ಇಲ್ಲದವರ ಕೈಯಾಗ ಕೊಟ್ಟು ಝಾಡಿಸಿದ್ರ ಸಾಕು, ಧೂಳ ಹಾರಿ ಇಬ್ರೂ ಕೆಮ್ಮತೀರಿ, ಅಲ್ಲಿಂದ ಮಾತು ಶುರು. ಪ್ರಸಾದದ ಕಡೆನೂ ಹಂಗs, ಚುರಮರಿ ಕಲಸೋದು, ಬಾಳಿಹಣ್ಣು ಹೆಚ್ಚೋದು, ಚಾದ ಕಪ್ಪು ಹಂಚೋದು, ಹೋಗಿ ಸುಮ್ಮ ಕೈ ಹಚ್ಚರಿ, ಯಾರೂ ಬ್ಯಾಡ ಅನ್ನೂದಿಲ್ಲ.

ಮಾತು ಎಲ್ಲಿಂದ ಶುರು ಮಾಡಬೇಕು ಅಂದ್ರ ಪದದಿಂದ. ನಮ್ಮ ಕಡೆ ಹೊಸಬರನ್ನ ಕಂಡಕೂಡ್ಲೆ "ಯಾವೂರ ನಿಮ್ದು" ಅಂತ ಕೇಳತೀವಿ, ಅದೇನು ತಪ್ಪಲ್ಲ, ಆದ್ರ ಅದರ ಬೆನ್ನಹಿಂದs "ಯಾವ ಮಂದಿ ನೀವು" ಅಂತ ಒಂದು ಬರತೈತಲ್ಲ, ಅದು ಬ್ಯಾಡs ಬ್ಯಾಡ. ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರು ಗುರುಗಳು, ಮುಸಲ್ಮಾನರ ಮನ್ಯಾಗ ಹುಟ್ಟಿದ ಶಿಶುನಾಳದ ಶರೀಫಜ್ಜ ಶಿಷ್ಯ, ಅವರ ಪದಾ ಗಂಟ್ಲು ಹರಕೊಂಡು ಹಾಡಿ, ಪದಾ ಮುಗಿಯೋದ್ರಾಗ ಬಾಜೂಕಿನವರ ಜಾತಿ ಕೇಳಿದ್ರ ಏನು ಕೇಳಿದ್ವಿ ನಾವು ಇಷ್ಟೊತ್ತನ? ಪಗಾರ ಎಷ್ಟು, ಹೊಲ ಎಷ್ಟ ಎಕರೆ, ಮಗಳದ ಯಾಕ ಇನ್ನೂ ಲಗ್ನಾ ಆಗಿಲ್ಲ, ಇವೂ ಬ್ಯಾಡ. ಅವರs ಹೇಳಿದ್ರ ಕೇಳ್ರಿ.

ಕೇಳಬೇಕಾದ್ದು ಇಷ್ಟs: "ಈ ಪದಾ ನೀವು ಮೊದಲ ಎಲ್ಲಿ ಕೇಳಿದ್ರಿ?" ಇದೊಂದು ಕೇಳಿ ನೋಡ್ರಿ. ಒಬ್ಬರು ನಮ್ಮಜ್ಜ ಏಕತಾರಿ ಹಿಡಕೊಂಡು ಹಾಡತಿದ್ದಾ ಅಂತಾರ, ಒಬ್ಬರು ಸದಿ ತಗಿಯಾಕ ಹೋದಾಗ ಹೆಣ್ಮಕ್ಕಳು ಹಾಡತಿದ್ರು ಅಂತಾರ, ಇನ್ನೊಬ್ಬರು ಧಾರವಾಡ ಆಕಾಶವಾಣಿ ಹೆಸರ ತಗೀತಾರ, ಆ ಸ್ಟೇಷನ್ ಶುರುವಾಗಿದ್ದು 1950ರಾಗ, ಹಿಂಗಾಗಿ ವಯಸ್ಸಾದವರ ಬಾಲ್ಯ ಅನ್ನೋದು ಅರ್ಧಾ ಆ ರೇಡಿಯೋದಾಗs ಐತಿ, ರೇಡಿಯೋ ಯಾರ ಮನ್ಯಾಗಿತ್ತು, ಕೇಳಾಕ ಯಾರ ಕಟ್ಟೀಮ್ಯಾಲೆ ಕುಂದ್ರತಿದ್ರು, ಅಪ್ಪಾರು ಏನ್ ಕೆಲಸ ಮಾಡತಿದ್ರು, ಸಾಲಿ ಯಾಕ ಬಿಟ್ರು, ಎಲ್ಲಾ ಒಂದರ ಹಿಂದ ಒಂದು ಬರತೈತಿ. ನೀವು ಹೂಂ ಅಂತ ಕುಂತ್ರ ಸಾಕು, ನಡುವ ಬಾಯಿ ಹಾಕಿ "ನಮ್ಮ ಅಜ್ಜನೂ ಹಂಗs" ಅಂತ ನಿಮ್ಮ ಕತಿ ಶುರು ಮಾಡಬ್ಯಾಡ್ರಿ, ನಿಮ್ಮ ಪಾಳಿ ಬರತೈತಿ.

ಕರಿಯೋದು ಹೆಂಗ ಅಂತ ಕೆಲವರು ತಲಿ ಕೆಡಿಸಿಕೊಳ್ತಾರ. ಅಕ್ಕಾರ, ಕಾಕಾರ, ಅಣ್ಣಾರ, ಅವ್ವಾರ, ಯಾವುದರ ಒಂದು ಹಿಡೀರಿ, ಸಣ್ಣವರಿಗೂ "ರೀ" ಹಚ್ಚರಿ, ಆಮ್ಯಾಲೆ ಅವರs "ಏನ್ರಿ ನನಗ ಹೋಗ್ರಿ ಬರ್ರಿ ಅಂತೀರಿ" ಅಂದ್ರ ಬಿಟ್ಟರಾತು.

ಈಗ ನನ್ನ ಪ್ರಕಾರ ಮುಖ್ಯ ವಿಷಯ. ಒಬ್ಬರ ದಿನಾ ಹೆಂಗ ಹೋಗತೈತಿ ಅಂತ ತಿಳೀಬೇಕಂದ್ರ ಅವರ ಹೆಸರು, ಮನಿ ನಂಬರಕ್ಕಿಂತ ಅವರ ಹೊತ್ತು ತಿಳಕೊಳ್ರಿ. ಯಾವ ಹೊತ್ತಿಗೆ ಏಳತಾರ, ಯಾವ ವಾರ ಬಿಡುವಿಲ್ಲ, ಯಾವ ತಿಂಗಳ ಕಣ್ಣಿಗೇ ಬೀಳೂದಿಲ್ಲ. ಹುಬ್ಬಳ್ಳಿ ಗದಗ ರೋಡಿನ ರೈಲ್ವೆ ವರ್ಕ್‌ಶಾಪಿಗೆ ಹೋಗೋರು ಮರುದಿನ ಮುಂಜಾನೆ ಡ್ಯೂಟಿ ಅಂತ ಮಂಗಳಾರತಿಗೆ ಮೊದಲs ಎದ್ದರ ಅದು ಸಿಟ್ಟಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ನಡಿಯೋದು ಸೋಮವಾರ ಮತ್ತ ಗುರುವಾರ, ಅಲ್ಲಿ ದಲಾಲಿ ಅಂಗಡ್ಯಾಗ ಲೆಕ್ಕಾ ಬರೆಯೋರು ಸೋಮವಾರದ ಭಜನಿಗೆ ಹೆಂಗ ಬರಬೇಕು, ಅದೂ ಮಾಲು ಲಾರಿಗಟ್ಟಲೆ ಬಂದು ಬೀಳೋ ಜನವರಿ, ಫೆಬ್ರವರಿ, ಮಾರ್ಚ್‌ನ್ಯಾಗ? ಬಂದರೂ ಸೀನಕೋತs ಬರತಾರ, ಮೈಯೆಲ್ಲಾ ಮೆಣಸಿನಕಾಯಿ ಘಾಟು. ಹುಬ್ಬಳ್ಳಿ ಬೆಂಗೇರಿಯ ಖಾದಿ ಕೇಂದ್ರದಾಗ ರಾಷ್ಟ್ರಧ್ವಜ ಹೊಲಿಯೋ ಅಕ್ಕಾರು ನಿಮ್ಮ ಗ್ರೂಪಿನ್ಯಾಗ ಇದ್ರ ಆಗಸ್ಟ್ 15ರ ಮುಂದ ಅವರಿಗೆ ಫೋನ್ ಹಚ್ಚಿ ಹರಟಿ ಹೊಡಿಯಾಕ ಹೋಗಬ್ಯಾಡ್ರಿ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಲಗ್ನದ ಸೀಜನ್ ಬಂತಂದ್ರ ಊಟಕ್ಕೂ ಹೊತ್ತಿಲ್ಲ, ಬೆಟಗೇರಿ ಮಗ್ಗದವರಿಗೆ ದೀಪಾವಳಿ ಮುಂದ. ದವಾಖಾನಿ ನರ್ಸಮ್ಮಾರು ನೈಟ್ ಡ್ಯೂಟಿ ಮುಗಿಸಿ ಮುಂಜಾನೆ ಮಲಗಿರತಾರ, ಅದs ಹೊತ್ತಿಗೆ ಗ್ರೂಪಿನ್ಯಾಗ ಇಪ್ಪತ್ತ ಶುಭೋದಯ.

ಮತ್ತ ರೈತರದ ಕೇಳಬ್ಯಾಡ್ರಿ. ಶ್ರಾವಣ ಅಂದ್ರ ಭಜನಿಗೆ ಸುಗ್ಗಿ, ತಿಂಗಳಗಟ್ಟಲೆ ದಿನಾ ಭಜನಿ ಇರೋ ಗುಡಿ ಅದಾವ, ಆದ್ರ ಅದs ಹೊತ್ತಿಗೆ ಗದಗ, ನವಲಗುಂದ ಕಡೆ ಹೆಸರಕಾಳಿನ ಬೆಳಿ ಬಿಡಿಸೋ ಕಾಲ. ಮಳಿ ಒಂದೀಟು ಹೆಚ್ಚಾದ್ರ ಕಾಯಿ ಹೊಲದಾಗs ಮೊಳಕಿ ಒಡಿತಾವ, ಆಳು ಸಿಗೂದಿಲ್ಲ, ಇಂಥಾ ಹೊತ್ತಿನ್ಯಾಗ ಪಟ್ಟಣದವರು "ಶ್ರಾವಣದಾಗ ಸೈತ ಬರಲಿಲ್ಲ ನೋಡ ಅಂವಾ" ಅಂತಾರ. ಹೆಸರಿಂದು ಏನಾತು, ಬಿಡಿಸಿ ಆತೇನು ಅಂತ ಒಂದ ಮಾತ ಕೇಳಿದ್ರ ಆ ಮನಷ್ಯಾಗ ಎಷ್ಟ ಖುಷಿ ಆಗತೈತಿ ಅಂತ ಕೇಳಿದವರಿಗೆ ಗೊತ್ತು. ಯಾರರ ಎರಡ ವಾರ ಕಾಣಲಿಲ್ಲಂದ್ರ ಫೋನ್ ಹಚ್ಚರಿ, ಆದ್ರ ಯಾಕ ಬಂದಿಲ್ಲ ಅಂತ ಮೇಷ್ಟ್ರ ಹಾಜರಿ ತಗೊಂಡಂಗ ಕೇಳಬ್ಯಾಡ್ರಿ, "ನಿಮ್ಮ ಜಾಗಾ ಖಾಲಿ ಇತ್ತ್ರಿ, ಆರಾಮಿದ್ದೀರೇನು" ಅಂದ್ರ ಸಾಕು.

ವಾಟ್ಸ್ಯಾಪ್ ಗ್ರೂಪ್ ಇದ್ದs ಇರತೈತಿ, ಇಲ್ಲದ ಮ್ಯಾಳ ಯಾವುದೈತಿ. ಅದರಾಗ ದೇವರ ಫೋಟೋ, ಫಾರ್ವರ್ಡು, ಮೂರ ವರ್ಷದ ಹಿಂದಿನ ಸುದ್ದಿ ಇವತ್ತಿಂದs ಅನ್ನೋಹಂಗ. ಅಡ್ಮಿನ್ ಅವರಿಗೆ ಧೈರ್ಯ ಇದ್ರ ಫಾರ್ವರ್ಡ್ ಬಂದ್ ಮಾಡ್ರಿ, ಅದರ ಬದಲಿ ಮನಸ್ಸಿದ್ದವರು ತಮ್ಮ ಕೆಲಸದ ಜಾಗದ ಒಂದ ಫೋಟೋ ಹಾಕಲಿ, ಹೊಲಿಗಿ ಮಷೀನು, ಎಪಿಎಂಸಿ ಚೀಲದ ರಾಶಿ, ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿನ ಸ್ಟಿಯರಿಂಗು (ನಿಂತಾಗ ತಗದದ್ದು ಮತ್ತ, ಓಡಿಸೋವಾಗ ಅಲ್ಲ), ರೊಟ್ಟಿ ಬುಟ್ಟಿ. ಮಾರಿ ಕಾಣಬೇಕಂತ ಏನಿಲ್ಲ. ಕಡ್ಡಾಯ ಅಂತೂ ಮಾಡಬ್ಯಾಡ್ರಿ, ಕಡ್ಡಾಯ ಮಾಡಿದ ಕೂಡ್ಲೆ ಅರ್ಧಾ ಮಂದಿ ಸುಮ್ಮ ಆಗತಾರ. ಭಜನಿ ರೆಕಾರ್ಡ್ ಮಾಡಿ ಹಾಕೋದಿದ್ರ ಹಾಡಿದವರನ್ನ ಕೇಳಿ ಹಾಕರಿ. ಮತ್ತ ಗ್ರೂಪಿನ್ಯಾಗ ನಂಬರ್ ಸಿಕ್ಕತಂತ ಹೆಣ್ಮಕ್ಕಳಿಗೆ ಬ್ಯಾರೆ ಮೆಸೇಜ್ ಕಳಸೋ ಗಂಡಸರು ಇರ್ತಾರ, ಅವರನ್ನ ಎರಡನೇ ಸಲಾ ಕೇಳದs ತಗದು ಹಾಕರಿ, ಹಿರೇ ಮನಷ್ಯಾ ಅದಾರ, ದೇಣಿಗಿ ಕೊಟ್ಟಾರ ಅಂತೆಲ್ಲಾ ನೋಡಬ್ಯಾಡ್ರಿ.

ಆದ್ರ ಫೋನಿನ್ಯಾಗ ಎಷ್ಟಂದ್ರೂ ಅಷ್ಟs. ಜಾಗರಣಿ ರಾತ್ರಿ ಐತಲ್ಲ, ಶಿವರಾತ್ರಿದು, ಅದರಂಥಾದ್ದು ಯಾವುದೂ ಇಲ್ಲ. ಹುಬ್ಬಳ್ಳಿಯಾಗ ಸಿದ್ಧಾರೂಢ ಮಠದ ಜಾತ್ರಿನೂ ಅದs ಹೊತ್ತಿಗೆ, ಎಲ್ಲಾ ಕಡಿಂದ ಮಂದಿ ಬಂದಿರತಾರ, ಮ್ಯಾಳದ ಹಿಂದ ಮ್ಯಾಳ ಹಾಡತಿರತಾವ, ಹನ್ನೆರಡರ ತನಾ ಎಲ್ಲಾರೂ ಭಕ್ತಿಯಿಂದ ಕುಂತಿರತಾರ, ಒಂದಾದ ಮ್ಯಾಲೆ ನಿದ್ದಿ ಎಳಿಯಾಕ ಹತ್ತತೈತಿ, ಎರಡಕ್ಕ ಒಬ್ಬೊಬ್ಬರs ಎದ್ದು ಹೊರಗ ಚಾಕ್ಕ ಬರತಾರ. ಆ ಚಾದ ಹೊತ್ತಿನ್ಯಾಗ ಮಂದಿ ಹೇಳೋ ಮಾತು ಹಗಲಿನ್ಯಾಗ ಯಾರೂ ಹೇಳೂದಿಲ್ಲ, ಮಗಾ ಬೆಂಗಳೂರಾಗ ಮಾತು ಬಿಟ್ಟಾನ, ಮಂಡಿ ನೋವು, ಬ್ಯಾಂಕಿನ ಸಾಲ, ಹೆಂಡ್ತಿ ತೀರಿಕೊಂಡ ಮ್ಯಾಲೆ ಒಬ್ಬಂವs ಅಡಗಿ ಮಾಡಕೊಂಡು ತಿನ್ನೋದು. ಹಂಗಾಗಿ ಜಾಗರಣಿಗೆ ಗುಂಪ ಕಟ್ಟಿಕೊಂಡು ಹೋಗ್ರಿ, ಥರ್ಮಾಸ್ ತಗೊಂಡು ಹೋಗ್ರಿ, ಅಲ್ಲಿ ಕೇಳಿದ್ದನ್ನ ಮರುದಿನ ಓಣ್ಯಾಗ ಹಂಚಬ್ಯಾಡ್ರಿ.

ಹಳ್ಳಿಯವರು, ಪಟ್ಟಣದವರು ಕೂಡಿದ ಗುಂಪಾದ್ರ ಶೀಗಿ ಹುಣ್ಣಿವಿಗೋ ಎಳ್ಳ ಅಮಾಸಿಗೋ ಒಬ್ಬರ ಹೊಲಕ್ಕ ಎಲ್ಲಾರೂ ಹೋಗೋದು ಇಟಗೊಳ್ರಿ. ಹೆಂಗೂ ಭೂಮಿತಾಯಿಗೆ ಎಡಿ ಮಾಡಿ ಚರಗಾ ಚೆಲ್ಲಾಕ ಮನಿ ಮಂದಿ ಹೋಗೋರs, ಬುತ್ತಿ ಕಟ್ಟೋರs. ನೀವು ಬರಿಗೈಲೆ ಹೋಗಬ್ಯಾಡ್ರಿ, ಧಾರವಾಡದಿಂದ ಹೋಗೋರು ಪೇಢೆ ಡಬ್ಬಿ ಒಯ್ಯೋದು ರೂಢಿ, ಅದಕ್ಕಿಂತ ಅವರನ್ನ ಕೇಳಿ ಅಡಗ್ಯಾಗ ಒಂದು ನೀವು ಮಾಡಕೊಂಡು ಹೋಗೋದು ಛಲೋ, ಒಬ್ಬರು ಸಜ್ಜಿ ರೊಟ್ಟಿ, ಒಬ್ಬರು ಎಣಗಾಯಿ, ಒಬ್ಬರು ಮೊಸರನ್ನ, ಇಲ್ಲಿಕ್ಕಂದ್ರ ಆ ಮನಿ ಹೆಣ್ಮಕ್ಕಳು ನಸಿಕಿನ್ಯಾಗ ಎದ್ದು ಐವತ್ತ ಮಂದಿಗೆ ರೊಟ್ಟಿ ಬಡಿಬೇಕಾಗತೈತಿ, ಮುಂದಿನ ವರ್ಷ ಕರಿಯೂದs ಇಲ್ಲ. ಉಂಡ ಮ್ಯಾಲೆ ಬನ್ನಿ ಗಿಡದ ನೆರಳಾಗ ಮೈಕ್ ಇಲ್ಲದ ಎರಡ ಪದಾ ಆಗಲಿ. ಗುಡ್ಯಾಗ ಯಾವತ್ತೂ ಬಾಯಿ ಬಿಡದವರು ಅಲ್ಲಿ ಹಾಡತಾರ, ನೋಡ್ರಿ ಬೇಕಾದ್ರ.

ಶಿಶುನಾಳಕ್ಕ ಹೋಗೋದಿದ್ರ ಒಂದs ಗಾಡಿ ಮಾಡ್ರಿ, ಶಿಗ್ಗಾವಿ ತಾಲೂಕಿನ್ಯಾಗ ಐತಿ, ಹುಬ್ಬಳ್ಳಿಯಿಂದ ದೂರೇನಲ್ಲ. ಕಾರ್ ಇದ್ದವರು ಕಾರಿನ್ಯಾಗ, ಇಲ್ಲದವರು ಬಸ್ಸಿಗೆ ಅಂತ ಆದ್ರ ಹೋದದ್ದs ದಂಡ. ಕ್ರೂಸರ್ ಒಂದ ಬಾಡಿಗಿ ಹಿಡದು, ರೊಕ್ಕಾ ಸಮ ಹಂಚಕೊಂಡು, ಕೊಡಾಕ ಆಗದವರದ್ದು ಸದ್ದಿಲ್ಲದ ಯಾರರ ತುಂಬಿದ್ರ ಆತು, ಯಾರು ತುಂಬಿದ್ರು ಅಂತ ಹೇಳಬ್ಯಾಡ್ರಿ.

ರೊಕ್ಕದ ಮಾತು ಬಂತು ಅಂತ ಹೇಳತೀನಿ, ಗುರ್ತ ಆದ ಮ್ಯಾಲೆ ಕೈಗಡ ಕೇಳೋರು ಬರತಾರ. ಕೊಡೋದು ಬಿಡೋದು ನಿಮಗ ಬಿಟ್ಟಿದ್ದು, ಆದ್ರ ಕೊಟ್ರ ವಾಪಸ್ ಬರದಿದ್ದರೂ ಸೋಮವಾರ ಅವರ ಬಾಜೂಕ ಕುಂದ್ರಾಕ ಆಗೋವಷ್ಟs ಕೊಡ್ರಿ. ಚೀಟಿ, ಪಾಲಿಸಿ, ಪ್ಲಾಟು ಮಾರಾಕ ಬರೋರಿಗೆ ಮಾತ್ರ ಮೊದಲನೇ ದಿನಾನs ಇಲ್ಲ ಅಂದುಬಿಡ್ರಿ.

ಲಗ್ನ, ತೊಟ್ಟಲಾ, ಮನಿ ಒಪನಿಂಗ್ ಇದ್ರ ಪತ್ರಿಕಿ ಗ್ರೂಪಿಗೆ ಹಾಕಿ ಕರದಂಗ ಆತು ಅಂತ ತಿಳೀಬ್ಯಾಡ್ರಿ. ಮನಿಗೆ ಹೋಗ್ರಿ, ಕುಂಕುಮ ಹಚ್ಚಿ ಕರೀರಿ, ಹೋದಾಗ ಅವರ ಮನಿ, ಅವರ ಓಣಿ ನೋಡಿದಂಗೂ ಆಗತೈತಿ. ಮ್ಯಾಳದವರನ್ನೂ ಕರೀರಿ, ಆದ್ರ ಉಣ್ಣಾಕ ಬಂದವರ ಮುಂದ ಮೈಕ್ ಹಿಡದು "ಒಂದ ಪದಾ ಆಗಲಿ" ಅನ್ನಬ್ಯಾಡ್ರಿ. ಹಾಡಸೋದs ಇದ್ರ ವಾರದ ಮೊದಲ ಕೇಳ್ರಿ, ಪೇಟಿ, ತಬಲಾ ತರೋ ಆಟೋ ಬಾಡಿಗಿ ಮೊದಲs ಕೈಯಾಗ ಇಡ್ರಿ, ಅವರನ್ನ ಎರಡನೇ ಪಂಕ್ತಿಗೆ ಕಾಯಸದs ಮೊದಲನೇ ಪಂಕ್ತ್ಯಾಗs ಕುಂದರಸ್ರಿ.