ತಂತಿಗಿಂತ ಮೊದಲು ನೆಲ: ಘಟ್ಟದ ಮೇಲೂ ಕಡಲ ಬದಿಯಲ್ಲೂ 160, 80, 40 ಮೀಟರ್ ಬ್ಯಾಂಡು

ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳು ಪರವಾನಗಿ ಪಡೆದು ನಡೆಸುವ ರೇಡಿಯೊ ಸಂಪರ್ಕದಲ್ಲಿ, ಕೆಳ ಬ್ಯಾಂಡುಗಳೆಂದು (ತಗ್ಗಿನ ಆವರ್ತನದ ಪಟ್ಟಿಗಳೆಂದು) ಕರೆಯುವುದು 160, 80 ಮತ್ತು 40 ಮೀಟರ್ ತರಂಗಾಂತರದ ಬ್ಯಾಂಡುಗಳನ್ನು. ಇವುಗಳಿಗೆ ಆಂಟೆನಾ ಕಟ್ಟಲು ಹೊರಟವರು ತಂತಿ ಎಷ್ಟು ಉದ್ದ ಬೇಕೆಂದು ಮೊದಲು ಕೇಳುತ್ತಾರೆ. ಉತ್ತರ ಕನ್ನಡದಲ್ಲಿ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ನಿಮ್ಮ ಮನೆ ಘಟ್ಟದ ಮೇಲಿದೆಯೋ, ಕಡಲ ಬದಿಗಿದೆಯೋ? ಈ ಬ್ಯಾಂಡುಗಳಲ್ಲಿ ನೆಲವೂ ಆಂಟೆನಾದ ಒಂದು ಭಾಗವೇ ಆಗಿರುತ್ತದೆ. ಶಿರಸಿಯ ಒಣ ಚಿರೆಕಲ್ಲಿನ ನೆಲಕ್ಕೂ ಕಾರವಾರದ ಉಪ್ಪುನೀರಿಗೂ ವಿದ್ಯುತ್ ಹರಿಸುವ ಗುಣದಲ್ಲಿ ಸಾವಿರಾರು ಪಟ್ಟು ಅಂತರವಿದೆ. ಹೀಗಾಗಿ ಒಂದೇ ತಂತಿ ಅಲ್ಲಿ ಗೆಲ್ಲುತ್ತದೆ, ಇಲ್ಲಿ ಸೋಲುತ್ತದೆ. ನಾನು ಶಿರಸಿ ಸೀಮೆಯ ತೋಟದ ಮನೆಯವನಾದ್ದರಿಂದ ಘಟ್ಟದ ಮೇಲಿನಿಂದಲೇ ಆರಂಭಿಸುತ್ತೇನೆ.

ಪರವಾನಗಿಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುವೆ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಘಟಕ ಕೊಡುವ ಪರವಾನಗಿಯಲ್ಲಿ ನಿಮ್ಮ ದರ್ಜೆಗೆ ಯಾವ ಆವರ್ತನಗಳಿವೆ, ಎಷ್ಟು ವಾಟ್ ಇದೆ ಎಂಬುದನ್ನು ನೋಡಿಕೊಂಡೇ ತಂತಿ ಕತ್ತರಿಸಬೇಕು. 160 ಮೀಟರಿನಲ್ಲಿ ಬೇರೆ ದೇಶದವರು ಬಳಸುವ ಎಲ್ಲ ಆವರ್ತನಗಳೂ ನಮಗೆ ತೆರೆದಿಲ್ಲ.

ಅರ್ಧ ತರಂಗದ ಡೈಪೋಲಿನ, ಅಂದರೆ ನಡುವೆ ಕೇಬಲು ಸೇರುವ ಎರಡು ತೋಳಿನ ತಂತಿಯ, ಉದ್ದವನ್ನು ಮೀಟರುಗಳಲ್ಲಿ ಪಡೆಯಲು 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. 7.1 ಮೆಗಾಹರ್ಟ್ಸ್‌ಗೆ 20.1 ಮೀಟರ್, 3.6ಕ್ಕೆ 39.7 ಮೀಟರ್, 1.81ಕ್ಕೆ 79 ಮೀಟರ್ ಬರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಇದಕ್ಕಿಂತ ತುಸು ಕಡಿಮೆ ಉದ್ದ ಸಾಕಾಗುತ್ತದೆ. ಆದರೂ ಮೊದಲು ಒಂದೆರಡು ಮೀಟರ್ ಉದ್ದವಾಗಿಯೇ ಕತ್ತರಿಸಿ, ತುದಿಯನ್ನು ಹಿಂದಕ್ಕೆ ಮಡಚಿ ಕಟ್ಟುತ್ತ ಹೊಂದಿಸುವುದು ಒಳ್ಳೆಯದು. ಒಮ್ಮೆ ಕತ್ತರಿಸಿದ ಮೇಲೆ ಬೆಸುಗೆ ಹಾಕಬೇಕಾಗುತ್ತದೆ, ನಮ್ಮ ಮಳೆಯಲ್ಲಿ ಪ್ರತಿಯೊಂದು ಬೆಸುಗೆಯೂ ಒಂದು ದುರ್ಬಲ ಜಾಗ.

ಹೊಸಬರು 40 ಮತ್ತು 80 ಮೀಟರಿನ ಡೈಪೋಲಿನಿಂದಲೇ ಆರಂಭಿಸಲಿ ಎನ್ನುವುದು ನನ್ನ ಅಭಿಪ್ರಾಯ. 80 ಮೀಟರಿನಲ್ಲಿ 12 ಮೀಟರ್ ಎತ್ತರವೆಂದರೆ ತರಂಗಾಂತರದ ಸುಮಾರು ಏಳನೆಯ ಒಂದು ಭಾಗ ಮಾತ್ರ. ಅಷ್ಟು ತಗ್ಗಿನಲ್ಲಿರುವ ತಂತಿ ತನ್ನ ಶಕ್ತಿಯ ಬಹುಪಾಲನ್ನು ನೆತ್ತಿಯ ಕಡೆಗೇ ಕಳಿಸುತ್ತದೆ. ಅದು ಮೇಲಿನ ವಾತಾವರಣದ ಅಯಾನುಗೋಲದಿಂದ ಮರಳಿ ಸುತ್ತಲಿನ ಕೆಲವು ನೂರು ಕಿಲೋಮೀಟರಿನ ಮೇಲೆ ಮಳೆಯಂತೆ ಬೀಳುತ್ತದೆ. ದೂರದೇಶಕ್ಕೆ ಇದು ಕೊರತೆ, ನಮ್ಮ ಜಿಲ್ಲೆಗೆ ಇದೇ ವರ. ಗುಡ್ಡ ಅಡ್ಡ ಬಂದಲ್ಲಿ, ನೇರ ಗೆರೆಯಲ್ಲಿ ಅಲೆ ಕಳಿಸುವ ವಿಎಚ್‌ಎಫ್ ಸೆಟ್ಟು ನಿಂತುಹೋಗುತ್ತದೆ, ಆದರೆ ಮೇಲಿನಿಂದ ಇಳಿಯುವ ಅಲೆಗೆ ದೇವಿಮನೆ ಘಟ್ಟವೂ ಒಂದೇ, ಬಯಲೂ ಒಂದೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದ ದಿನಗಳನ್ನು ಕಂಡವರಿಗೆ, ರಸ್ತೆಯನ್ನೂ ಮೊಬೈಲ್ ಗೋಪುರವನ್ನೂ ನೆಚ್ಚಿಕೊಳ್ಳದ ಸಂಪರ್ಕದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲಿನಲ್ಲಿ 40 ಮೀಟರ್ ಬಳಸಿ, ರಾತ್ರಿ ಹತ್ತಿರದ ಊರುಗಳು 40ರಲ್ಲಿ ಮಾಯವಾಗತೊಡಗಿದಾಗ 80ಕ್ಕೆ ಇಳಿಯಿರಿ.

ಎತ್ತರವನ್ನು ನಮಗೆ ತೋಟವೇ ಕೊಡುತ್ತದೆ. ಹದಿನೈದು ಮೀಟರ್ ಮೀರಿ ಬೆಳೆದ ಅಡಿಕೆ ಮರಗಳಿರುವಾಗ ಕಂಬಕ್ಕೆ ಹಣ ಹಾಕುವ ಅಗತ್ಯವಿಲ್ಲ. ಅಡಿಕೆ ಕೊನೆ (ಗೊನೆ) ಕೊಯ್ಲಿಗೆ ಮರ ಹತ್ತಲು ಬರುವ ಕೊನೆಗೌಡರಲ್ಲಿ ಮೊದಲೇ ವಿನಂತಿಸಿಕೊಂಡರೆ, ಅವರು ಮರದ ಮೇಲಿರುವಾಗಲೇ ಸಣ್ಣ ರಾಟೆಯೊಂದನ್ನು ಕಟ್ಟಿ ನೈಲಾನ್ ಹಗ್ಗವನ್ನು ತೂರಿಸಿ ಕೊಡುತ್ತಾರೆ. ಮುಂದೆ ವರ್ಷವಿಡೀ ತಂತಿಯನ್ನು ನೆಲದಿಂದಲೇ ಏರಿಸಬಹುದು, ಇಳಿಸಬಹುದು. ಮರಕ್ಕೆ ಮೊಳೆ ಹೊಡೆಯಬಾರದು, ಟ್ಯೂಬಿನ ಪಟ್ಟಿಯನ್ನು ಸುತ್ತಿ ಅದರ ಮೇಲೆ ಹಗ್ಗ ಕಟ್ಟಬೇಕು. ಅಡಿಕೆ ಮರ ಗಾಳಿಗೆ ಬಹಳ ತೂಗುತ್ತದೆ. ಎರಡು ಮರಗಳ ನಡುವೆ ತಂತಿಯನ್ನು ಬಿಗಿದು ಕಟ್ಟಿದರೆ ಮೊದಲ ಗಾಳಿಗೇ ಹರಿಯುತ್ತದೆ, ಆದ್ದರಿಂದ ಒಂದು ತುದಿಯ ಹಗ್ಗವನ್ನು ರಾಟೆಯ ಮೇಲಿಂದ ಇಳಿಬಿಟ್ಟು, ಮರಳು ತುಂಬಿದ ಐದು ಲೀಟರಿನ ಕ್ಯಾನನ್ನು ಭಾರವಾಗಿ ತೂಗುಹಾಕಿ.

ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇದ್ದವರು ಅದರಿಂದಲೂ ಹಗ್ಗವನ್ನು ಮೇಲಕ್ಕೆ ಸಾಗಿಸಬಹುದು. ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ವಿದ್ಯುತ್ ಲೈನಿನ ಹತ್ತಿರ ಅದನ್ನು ಎತ್ತುವುದು ಸಾವಿಗೆ ಎದುರಾದಂತೆ. ಆಂಟೆನಾ ತಂತಿಯೂ ಹಾಗೆಯೇ. ತಂತಿ ಹರಿದು ಬಿದ್ದರೆ ಎಲ್ಲಿಯವರೆಗೆ ಬೀಳಬಹುದೋ ಅಷ್ಟು ದೂರದೊಳಗೆ ಲೈನು ಇರಕೂಡದು. ಹಾಗೆಯೇ, ದೋಟಿಯನ್ನೇ ಕಂಬವಾಗಿಸಿ ಅದರ ಮೈಗುಂಟ ಆಂಟೆನಾ ತಂತಿಯನ್ನು ಎಳೆಯಬೇಡಿ, ದೋಟಿಯೇ ಸಿಗ್ನಲನ್ನು ನುಂಗುತ್ತದೆ. ತಂತಿ ತಾಮ್ರದ್ದೇ ಇರಲಿ. ಕೊಳೆರೋಗಕ್ಕೆ ಮೈಲುತುತ್ತದ ಮದ್ದು ಹೊಡೆಯುವ ತೋಟದಲ್ಲಿ ಅಲ್ಯೂಮಿನಿಯಂ ತಂತಿ ಬಾಳುವುದಿಲ್ಲ.

ಈಗ 160 ಮೀಟರ್. 79 ಮೀಟರಿನ ಡೈಪೋಲನ್ನು ತೋಟದಲ್ಲಿ ಎಳೆಯಬಹುದು, ಆದರೆ 15 ಮೀಟರ್ ಎತ್ತರದಲ್ಲಿ ಅದು ತರಂಗಾಂತರದ ಹತ್ತನೆಯ ಒಂದು ಭಾಗಕ್ಕೂ ಏರಿರುವುದಿಲ್ಲ. ದೂರಕ್ಕೆ ಹೋಗಬೇಕಾದರೆ ತಲೆಕೆಳಗಾದ ಎಲ್ ಆಕಾರದ ತಂತಿಯೇ ತೋಟಕ್ಕೆ ಹೇಳಿಸಿದ್ದು: 15 ಮೀಟರ್ ನೇರ ಮೇಲಕ್ಕೆ, ಅಲ್ಲಿಂದ ಸುಮಾರು 25 ಮೀಟರ್ ಅಡ್ಡಕ್ಕೆ. ಬುಡದಲ್ಲಿ, ರೇಡಿಯೊದಿಂದ ಬರುವ ಕೇಬಲಿನ ನಡುತಂತಿ ಆಂಟೆನಾಕ್ಕೆ ಸೇರುತ್ತದೆ, ಅದರ ಹೊರಗಿನ ಲೋಹದ ಹೆಣಿಗೆಯು ಬುಡದಿಂದ ಸುತ್ತಲೂ ನೆಲದ ಮೇಲೆ ಹರಡಿದ ರೇಡಿಯಲ್ ತಂತಿಗಳಿಗೆ ಸೇರುತ್ತದೆ.

ಈ ರೇಡಿಯಲ್‌ಗಳ ಪಾಠವನ್ನು ನಾನು ಒಂದು ಇಡೀ ಚಳಿಗಾಲವನ್ನು ಕಳೆದುಕೊಂಡು ಕಲಿತೆ. ಮೊದಲ ವರ್ಷ ನಾಲ್ಕೇ ರೇಡಿಯಲ್ ಹಾಕಿದ್ದೆ. ಎಸ್‌ಡಬ್ಲ್ಯುಆರ್ ಮೀಟರು (ಆಂಟೆನಾ ಕೇಬಲಿಗೆ ಎಷ್ಟು ಹೊಂದುತ್ತದೆಂದು ತೋರಿಸುವುದು, 1 ಎಂದರೆ ಪೂರ್ಣ ಹೊಂದಾಣಿಕೆ) 1.1 ತೋರಿಸಿತು, ನಾನು ಸಂತೋಷಪಟ್ಟೆ, ಆದರೆ ನನಗೆ ಚೆನ್ನಾಗಿ ಕೇಳುತ್ತಿದ್ದವರಿಗೂ ನನ್ನ ಕರೆ ಕೇಳುತ್ತಿರಲಿಲ್ಲ. ಲೆಕ್ಕ ಹೀಗಿದೆ. ಇಂಥ ತಂತಿಯ ವಿಕಿರಣ ರೋಧ, ಅಂದರೆ ಆಕಾಶಕ್ಕೆ ಹೋಗುವ ಶಕ್ತಿಯ ಪಾಲಿನ ರೋಧ, ಸುಮಾರು 11 ಓಮ್. ಕೇಬಲಿಗೆ ಹೊಂದುವ 50 ಓಮ್ ಬುಡದಲ್ಲಿ ಕಂಡರೆ ಉಳಿದ 39 ಓಮ್ ನೆಲದ ನಷ್ಟ. 100 ವಾಟ್ ಕೊಟ್ಟರೆ 22 ವಾಟ್ ಮಾತ್ರ ಆಕಾಶಕ್ಕೆ, ಮಿಕ್ಕದ್ದೆಲ್ಲ ಚಿರೆಕಲ್ಲನ್ನು ಕಾಯಿಸಲಿಕ್ಕೆ. ಮರುವರ್ಷ ರೇಡಿಯಲ್‌ಗಳನ್ನು ಹೆಚ್ಚಿಸುತ್ತ ಹೋದಂತೆ ಬುಡದ ರೋಧ 22 ಓಮಿಗೆ ಇಳಿಯಿತು, ಎಸ್‌ಡಬ್ಲ್ಯುಆರ್ 2.3ಕ್ಕೆ ಏರಿತು, ಮತ್ತು ಆಗಲೇ ಉತ್ತರಗಳು ಬರತೊಡಗಿದವು, ಏಕೆಂದರೆ ಅರ್ಧದಷ್ಟು ಶಕ್ತಿ ಈಗ ಹೊರಹೋಗುತ್ತಿತ್ತು. ಕೆಟ್ಟಂತೆ ಕಂಡ ಎಸ್‌ಡಬ್ಲ್ಯುಆರ್ ಅನ್ನು ಸರಿಪಡಿಸುವುದು ಸುಲಭ: ಫೆರೈಟ್ ಉಂಗುರದ ಮೇಲೆ 3:2 ಸುತ್ತಿನ ಅನುಪಾತದ ಟ್ರಾನ್ಸ್‌ಫಾರ್ಮರ್ 50 ಓಮನ್ನು 22 ಓಮಿಗೆ ಹೊಂದಿಸುತ್ತದೆ.

ಆದ್ದರಿಂದ ಕೆಲಸದ ಕ್ರಮ ಇದು. ನ್ಯಾನೊ ವಿಎನ್‌ಎ ಅಥವಾ ಬೇರೆ ವಿಶ್ಲೇಷಕವನ್ನು ತಂತಿಯ ಬುಡಕ್ಕೇ ಜೋಡಿಸಿ, ಅನುರಣನದ (ತಂತಿ ತಾನಾಗಿಯೇ ಮಿಡಿಯುವ) ಆವರ್ತನದಲ್ಲಿ ರೋಧ ಎಷ್ಟೆಂದು ಬರೆದಿಡಿ. ನಾಲ್ಕು ನಾಲ್ಕಾಗಿ ರೇಡಿಯಲ್ ಸೇರಿಸಿ, ಪ್ರತಿ ಸಲವೂ ಅಳೆಯಿರಿ. ಹೊಸ ನಾಲ್ಕರಿಂದ ಒಂದು ಓಮ್ ಕೂಡ ಇಳಿಯದಿದ್ದಾಗ ನಿಲ್ಲಿಸಬಹುದು. ನೆಲದ ಮೇಲೆ ಮಲಗಿದ ರೇಡಿಯಲ್ ಕಾಲು ತರಂಗದ ಉದ್ದವೇ ಇರಬೇಕೆಂದಿಲ್ಲ. 40 ಮೀಟರಿನ ನಾಲ್ಕು ತಂತಿಗಿಂತ 10 ಮೀಟರಿನ ಹದಿನಾರು ತಂತಿ ಮೇಲು, ತಾಮ್ರದ ಖರ್ಚು ಎರಡಕ್ಕೂ ಒಂದೇ. ಮೋಟಾರ್ ರಿವೈಂಡಿಂಗ್ ಅಂಗಡಿಯ ಹಳೆಯ ತಂತಿ ಇದಕ್ಕೆ ಸಾಕು. ಚಿರೆಕಲ್ಲನ್ನು ಅಗೆದು ಹೂಳುವ ಶ್ರಮವೂ ಬೇಡ: ಸಾಲುಮರಗಳ ಬುಡದಲ್ಲಿ ಹಾಯಿಸಿ ದರಕು (ಒಣ ಎಲೆ) ಮುಚ್ಚಿದರೆ ಒಂದೇ ಮಳೆಗಾಲದಲ್ಲಿ ಮಣ್ಣಿನೊಳಗೆ ಸೇರಿಹೋಗುತ್ತವೆ. ಬಸಿಗಾಲುವೆಗೆ ಅಡ್ಡವಾಗಿ ಮಾತ್ರ ಎಳೆಯಬೇಡಿ, ಕಾಲುವೆ ಕೆರೆಯುವಾಗ ಗುದ್ದಲಿ ತಾಗುತ್ತದೆ. ಕೇಬಲು ರೇಡಿಯಲ್‌ಗಳನ್ನು ಬಿಟ್ಟು ಮನೆಯ ಕಡೆ ತಿರುಗುವಲ್ಲಿ ಅದನ್ನು 31 ಮಿಶ್ರಣದ ಫೆರೈಟ್ ಉಂಗುರದಲ್ಲಿ ಹತ್ತು ಹನ್ನೆರಡು ಸುತ್ತು ಸುತ್ತಿ. ಇಲ್ಲವಾದರೆ ಕೇಬಲಿನ ಹೊರಮೈಯೂ ರೇಡಿಯಲ್ ಆಗಿ, ಮನೆಯೊಳಗಿನ ಗದ್ದಲವನ್ನೆಲ್ಲ ಆಂಟೆನಾಕ್ಕೆ ಹೊತ್ತುಕೊಂಡು ಬರುತ್ತದೆ.

ಘಟ್ಟ ಇಳಿದರೆ ಲೆಕ್ಕ ತಿರುವುಮುರುವಾಗುತ್ತದೆ. ಕಾರವಾರದ ಮಾಜಾಳಿಯಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಉಬ್ಬರದ ಗೆರೆಯ ಪಕ್ಕದಲ್ಲೇ ನಿಲ್ಲಿಸಿದ ಲಂಬ ತಂತಿಗೆ, ಒದ್ದೆ ಮರಳಿನ ಮೇಲೆ ಕೆಲವೇ ರೇಡಿಯಲ್ ಇದ್ದರೂ ಅದರ ಮುಂದೆ ಅರಬ್ಬೀ ಸಮುದ್ರವೇ ಹಾಸಿಕೊಂಡಿರುತ್ತದೆ. ಉಪ್ಪುನೀರಿನ ಮೇಲೆ ಲಂಬ ಅಲೆ ಬಹಳ ತಗ್ಗಿನ ಕೋನದಲ್ಲಿಯೂ ಕುಗ್ಗದೆ ಹೊರಡುತ್ತದೆ. ಅರೇಬಿಯ, ಆಫ್ರಿಕ, ಯುರೋಪುಗಳೆಲ್ಲ ನಮಗೆ ಆ ನೀರಿನ ಕಡೆಗೇ ಇವೆ. ಆದರೆ ತಂತಿಯನ್ನು ನೀರಿನಿಂದ ನೂರಿನ್ನೂರು ಮೀಟರ್ ಹಿಂದಕ್ಕೆ, ಗಾಳಿಮರಗಳ ತೋಪಿಗೆ ಸರಿಸಿದರೆ ಈ ಲಾಭದ ಬಹುಪಾಲು ಹೋಗುತ್ತದೆ. ಕಡಲತೀರದಲ್ಲಿ ತಾತ್ಕಾಲಿಕವಾಗಿ ಕಟ್ಟುವವರು ಬೇರೆ ಸ್ಥಳದಿಂದ ಪ್ರಸಾರ ಮಾಡುವ ನಿಯಮವನ್ನು ಓದಿಕೊಂಡು, ಕಾರವಾರದಲ್ಲಿ ಕದಂಬ ನೌಕಾನೆಲೆ ಇರುವುದನ್ನು ಮನಸ್ಸಿನಲ್ಲಿಟ್ಟು, ಪರವಾನಗಿಯ ಪ್ರತಿಯೊಂದಿಗೆ ಪೊಲೀಸ್ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಬೇಕು. ಈ ಬ್ಯಾಂಡುಗಳಿಗೆ ಒಳ್ಳೆಯದಾದ ಚಳಿಗಾಲದಲ್ಲೇ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುತ್ತವೆ. ಅವು ಏರುವ ಜಾಗದಲ್ಲಿ ಗೂಟ ಹೊಡೆಯುವುದೂ, ದೀಪ ಹಚ್ಚುವುದೂ, ತಂತಿ ಹಾಸುವುದೂ ಬೇಡವೇ ಬೇಡ. ಉಪ್ಪುಗಾಳಿಗೆ ಕನೆಕ್ಟರುಗಳು ಬೇಗ ಹಸಿರುಗಟ್ಟುತ್ತವೆ, ಹಾಗಾಗಿ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪಿನಿಂದ ಅವನ್ನು ಪೂರ್ತಿ ಮುಚ್ಚಿ.

ಕೇಳುವ ಆಂಟೆನಾ ಬೇರೆಯೇ ಇರಬೇಕು, ಮತ್ತು ಇಲ್ಲಿ ಘಟ್ಟದವರಿಗೆ ಸಮಾಧಾನವಿದೆ. ಹೆರಾಲ್ಡ್ ಬೆವರೇಜ್ ರೂಪಿಸಿದ, 1921ರ ಡಿಸೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳ ಸಿಗ್ನಲನ್ನು ಸ್ಕಾಟ್ಲೆಂಡಿನಲ್ಲಿ ಕೇಳಲು ಪಾಲ್ ಗಾಡ್ಲಿ ಬಳಸಿದ, ಬೆವರೇಜ್ ಎಂದೇ ಹೆಸರಾದ ಉದ್ದ ತಂತಿಯ ಆಂಟೆನಾ ಕೆಟ್ಟ ನೆಲದ ಮೇಲೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಉಪ್ಪುನೀರಿನ ಮೇಲೆ ಅದು ನಿಷ್ಪ್ರಯೋಜಕ. ಸೊಪ್ಪಿನ ಬೆಟ್ಟ ಇದ್ದವರು 150 ಮೀಟರಿಗೂ ಉದ್ದದ ತಂತಿಯನ್ನು ಸುಮಾರು 3 ಮೀಟರ್ ಎತ್ತರದಲ್ಲಿ, ದನಕ್ಕೂ ಕಾಡುಕೋಣಕ್ಕೂ ತಾಗದಂತೆ, ವಾಯವ್ಯಕ್ಕೆ ಎಳೆಯಲಿ. ದೂರದ ತುದಿಯಿಂದ ನೆಲಕ್ಕೆ 450ರಿಂದ 500 ಓಮಿನ ರೆಸಿಸ್ಟರ್ ಸೇರಿಸಬೇಕು, ಅದು ತಂತಿ ಸುತ್ತಿದ ಬಗೆಯದಾಗಿರಬಾರದು. ಹತ್ತಿರದ ತುದಿಯಲ್ಲಿ 9:1 ರೋಧ ಅನುಪಾತದ ಟ್ರಾನ್ಸ್‌ಫಾರ್ಮರ್ ಮತ್ತು ಕೇಬಲು. ರೆಸಿಸ್ಟರ್ ಇರುವ ದಿಕ್ಕಿನಿಂದ, ಅಂದರೆ ಯುರೋಪಿನಿಂದ, ಬರುವುದೇ ಹೆಚ್ಚು ಕೇಳುತ್ತದೆ, ಉಳಿದ ದಿಕ್ಕಿನ ಗದ್ದಲ ಅಡಗುತ್ತದೆ. ಕಡಲ ಬದಿಯವರಿಗೂ ಜಾಗ ಇಲ್ಲದವರಿಗೂ ಒಂದು ಮೀಟರ್ ಅಗಲದ, ಕೈಯಿಂದ ತಿರುಗಿಸಬಹುದಾದ ಲೂಪ್ ಸಾಕು. ಅದನ್ನು ಗದ್ದಲ ಅತಿ ಕಡಿಮೆಯಾಗುವ ಕಡೆಗೆ ತಿರುಗಿಸಿಡಬೇಕು.

ಗದ್ದಲದ ಮೂಲವನ್ನು ಹುಡುಕಲು ಮನೆಯ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಮೇಲೆ ರೇಡಿಯೊ ನಡೆಸಿ ನೋಡಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೋಲಾರ್ ಇನ್ವರ್ಟರ್ ಸಾಮಾನ್ಯ ಅಪರಾಧಿಗಳು. ತೋಟದಲ್ಲಿ ಇನ್ನೊಂದಿದೆ: ಸೆಕೆಂಡಿಗೊಮ್ಮೆ ಟಿಕ್ ಎನ್ನುವ ಸದ್ದು ಕೇಳಿಸಿದರೆ ಅದು ಸೋಲಾರ್ ಬೇಲಿಯದು. ಹುಲ್ಲೋ ಬಳ್ಳಿಯೋ ತಂತಿಗೆ ತಾಗಿ ಕಿಡಿ ಹಾರುವಲ್ಲಿ ಅದು ಹುಟ್ಟುತ್ತದೆ, ಬೇಲಿಯ ಬುಡವನ್ನು ಸವರಿದರೆ ಬಹುಮಟ್ಟಿಗೆ ನಿಲ್ಲುತ್ತದೆ ಮತ್ತು ಬೇಲಿಯೂ ಗಟ್ಟಿಯಾಗುತ್ತದೆ.

ಹಗಲು 160 ಮತ್ತು 80 ಮೀಟರಿನ ಅಲೆಗಳನ್ನು ವಾತಾವರಣದ ಡಿ ಪದರ ಹೀರಿಕೊಳ್ಳುತ್ತದೆ, ಆದ್ದರಿಂದ ದೂರದ ಕೆಲಸವೆಲ್ಲ ರಾತ್ರಿಯದು. ನಮ್ಮ ಸೂರ್ಯಾಸ್ತದ ಹೊತ್ತಿಗೆ ಕತ್ತಲೆ ಪೂರ್ವದಲ್ಲಿರುತ್ತದೆ, ಜಪಾನ್ ಮತ್ತು ಆಸ್ಟ್ರೇಲಿಯದ ಕಡೆಗೆ ಕಿವಿಯಿಡಿ. ಬೆಳಗಿನ ಜಾವ ಯುರೋಪು ಮತ್ತು ಆಫ್ರಿಕದ್ದು. ಸೂರ್ಯೋದಯದ ಆಚೀಚಿನ ಕೆಲವು ನಿಮಿಷ ಸಿಗ್ನಲು ಒಮ್ಮೆಲೇ ಏರಿ ಬೀಳುವುದುಂಟು, ಹಾಲು ಕರೆಯುವ ಹೊತ್ತೆಂದು ಆಗ ಎದ್ದುಹೋಗಬೇಡಿ. ರಿಸೀವರಿನ ಪ್ರೀಆಂಪ್ ಆರಿಸಿ, ಆರ್‌ಎಫ್ ಗೇನ್ ತಗ್ಗಿಸಿ, ಮೋರ್ಸ್ ಕೇಳುವಾಗ ಫಿಲ್ಟರನ್ನು 500 ಹರ್ಟ್ಸ್ ಅಥವಾ ಅದಕ್ಕೂ ಕಿರಿದಾಗಿಸಿ. ಈ ಬ್ಯಾಂಡುಗಳಲ್ಲಿ ಮಾತಿಗೆ ಎಲ್‌ಎಸ್‌ಬಿ (ಕೆಳ ಪಕ್ಕಪಟ್ಟಿಯನ್ನಷ್ಟೇ ಕಳಿಸುವ ವಿಧಾನ) ರೂಢಿ, ಆದರೆ 160ರಲ್ಲಿ ನೂರು ವಾಟಿನವರಿಗೆ ಮೋರ್ಸ್ ಹೆಚ್ಚು ಫಲ ಕೊಡುತ್ತದೆ. ಕರೆಚಿಹ್ನೆಯನ್ನು ಒಂದೆರಡು ಸಲ ಕಳಿಸಿ ನಿಲ್ಲಿಸಿ, ಕಳಿಸುವುದಕ್ಕಿಂತ ಹೆಚ್ಚು ಹೊತ್ತು ಕೇಳಿ.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಸಿಡಿಲಿನ ಗರಗರ ಕಡಿಮೆ, ಅದೇ ನಮ್ಮ ಋತು. ಏಪ್ರಿಲ್ ಬಂದು ಸಂಜೆಯ ಗುಡುಗು ಆರಂಭವಾದರೆ ಕೇಬಲನ್ನು ರೇಡಿಯೊದಿಂದ ಕಳಚಿದರೆ ಸಾಲದು, ಮನೆಯ ಹೊರಗೇ ಕಳಚಿಡಬೇಕು, ದೂರದಲ್ಲಿ ಗುಡುಗು ಕೇಳಿಸಿದರೂ ತಂತಿ ಮುಟ್ಟಬಾರದು. ಮಳೆಗಾಲಕ್ಕೆ ಮೊದಲು ಬೆವರೇಜ್ ತಂತಿಯನ್ನು ಸುತ್ತಿಡಿ, ಎಲ್ ತಂತಿಯನ್ನು ರಾಟೆಯಿಂದ ಇಳಿಸಿಡಿ, ರೇಡಿಯಲ್‌ಗಳು ಇದ್ದಲ್ಲೇ ಇರಲಿ. ದೀಪಾವಳಿಯ ಹೊತ್ತಿಗೆ ಮತ್ತೆ ಏರಿಸಿ ಬುಡದ ರೋಧವನ್ನು ಅಳೆದು, ಹಿಂದಿನ ವರ್ಷ ಇದೇ ತಿಂಗಳಲ್ಲಿ ಬರೆದಿಟ್ಟ ಅಂಕಿಯೊಂದಿಗೆ ಹೋಲಿಸಿ, ಏಕೆಂದರೆ ನೆಲ ಒಣಗಿದಂತೆ ಅಂಕಿ ತಾನಾಗಿಯೇ ಏರುತ್ತದೆ. ಅದೇ ತಿಂಗಳ ಅಂಕಿಗಿಂತ ಐದಾರು ಓಮ್ ಹೆಚ್ಚು ಕಂಡರೆ ಎಲ್ಲೋ ರೇಡಿಯಲ್ ತುಂಡಾಗಿದೆ; ಮೊದಲು ಬುಡದ ಜೋಡಣೆಯನ್ನು, ಆಮೇಲೆ ಬಸಿಗಾಲುವೆಯ ಅಂಚನ್ನು ನೋಡಿ.