ಓಡುತ್ತಾ ಓಡುತ್ತಾ ಆಫ್ ಆಗುತ್ತಿದ್ದ ಹಳೇ ಟರ್ಬೊ ಕಾರು: ನಾನು ಕಾರಣ ಹುಡುಕಿದ ಬಗೆ

ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಎರಡು ಲೀಟರಿನ ಪೆಟ್ರೋಲ್ ಎಂಜಿನ್, ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ, ಕೈಯಲ್ಲಿ ಹಾಕುವ ಐದು ಗೇರು, ಗಾಳಿಯ ಬಾಗಿಲಾದ ಥ್ರಾಟಲ್‌ಗೆ ಇನ್ನೂ ಕೇಬಲ್. ಎಳೆತದಲ್ಲಿ ಇವತ್ತಿಗೂ ಮೋಸವಿಲ್ಲ. ಆದರೆ ಅದಕ್ಕೊಂದು ಕಾಯಿಲೆ ಅಂಟಿಕೊಂಡಿತು: ಓಡುತ್ತಿರುವಾಗಲೇ ಎಂಜಿನ್ ಆಫ್ ಆಗುವುದು. ವಾರಕ್ಕೊಮ್ಮೆ, ಕೆಲವೊಮ್ಮೆ ಹದಿನೈದು ದಿನಕ್ಕೊಮ್ಮೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಒಂದು ಸಲವೂ ಇಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ.

ಗ್ಯಾರೇಜಿನವರು ಮೊದಲು ಫ್ಯುಯೆಲ್ ಪಂಪ್ ಬದಲಾಯಿಸಿದರು. ಮೂರನೇ ದಿನ ಮತ್ತೆ ಆಫ್ ಆಯಿತು. ಆಮೇಲೆ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಏರ್ ಫ್ಲೋ ಸೆನ್ಸರ್ ಬದಲಾಯಿಸಿದರು. ಅದಕ್ಕೂ ಬಗ್ಗಲಿಲ್ಲ. "ಇಷ್ಟು ಹಳೇ ಗಾಡಿ ಸರ್, ಏನಾದರೂ ಒಂದು ಇದ್ದೇ ಇರುತ್ತೆ" ಅಂದರು. ಅವರನ್ನೇ ಯಾಕೆ ದೂರಲಿ, ನಾನೂ ಮನೆಯಲ್ಲಿ ಅದನ್ನೇ ಮಾಡುತ್ತಿದ್ದೆ. ಪ್ಲಗ್ ಬದಲಾಯಿಸಿದೆ. ಗಾಡಿ ನಿಂತಿರುವಾಗ ಎಂಜಿನ್ ನಿಧಾನ ಓಡುತ್ತಿರುವಂತೆ (ಐಡಲಿಂಗ್) ಗಾಳಿ ಬಿಡುವ ಐಡಲ್ ವಾಲ್ವ್ ಬಿಚ್ಚಿ ಕಪ್ಪು ಮಸಿಯನ್ನೆಲ್ಲ ತೊಳೆದೆ. ಐಡಲಿಂಗ್ ರೇಷ್ಮೆಯಂತೆ ನಿಂತಾಗ ಗೆದ್ದೆ ಅಂದುಕೊಂಡೆ. ಮರುದಿನ ಸಂಜೆ ತಿರುವಿನಲ್ಲಿ ನಿಂತಿತು.

ಆ ತಿರುವು ನನಗೆ ಬುದ್ಧಿ ಕಲಿಸಿತು. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕಿಗೆ ಸಿಗುವ ವ್ಯಾಕ್ಯೂಮ್ ಸಹಾಯವೂ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಗೊತ್ತಿದ್ದ ವಿಷಯವೇ. ಆದರೆ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾದಾಗ ತೋಳಿಗೆ ಗೊತ್ತಾಗುವುದೇ ಬೇರೆ. ಇನ್ನು ಊಹೆಯ ಮೇಲೆ ಒಂದು ಸಾಮಾನನ್ನೂ ಬದಲಾಯಿಸುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿ, ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಇಟ್ಟೆ.

ಆಫ್ ಆದಾಗಲೆಲ್ಲ ಗಾಡಿಯನ್ನು ಪಕ್ಕಕ್ಕೆ ಹಾಕಿ ಬರೆಯುತ್ತಿದ್ದೆ. ಎಂಜಿನ್ ಸ್ಟಾರ್ಟ್ ಆಗಿ ಎಷ್ಟು ಹೊತ್ತಾಗಿತ್ತು, ಯಾವ ಗೇರು, ಆಕ್ಸಿಲರೇಟರನ್ನು ಕಾಲು ಒತ್ತಿತ್ತೋ ಬಿಟ್ಟಿತ್ತೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು, ಸೆಲ್ಫ್ ಹೊಡೆದರೆ ತಕ್ಷಣ ಹತ್ತಿತೋ ಕಾಯಿಸಿತೋ. ಎಲ್ಲಕ್ಕಿಂತ ಮುಖ್ಯವಾಗಿ, ಆಫ್ ಆಗುವ ಆ ಎರಡು ಸೆಕೆಂಡಿನಲ್ಲಿ ಆರ್‌ಪಿಎಂ ಮುಳ್ಳು ಏನು ಮಾಡಿತು. ಹನ್ನೊಂದು ದಾಖಲೆ ಆಗುವ ಹೊತ್ತಿಗೆ ಒಂದು ರಾತ್ರಿ ಕೂತು ಓದಿದೆ. ಓದಿದರೆ, ನಾನು ಇಷ್ಟು ದಿನ ಒಂದು ಅಂದುಕೊಂಡಿದ್ದ ಕಾಯಿಲೆ ಎರಡು!

ಏಳು ಸಲ ಆದದ್ದು ಹೀಗೆ: ಚೆನ್ನಾಗಿ ಎಳೆಸಿ, ಟರ್ಬೊ ಪೂರ್ತಿ ತುಂಬಿದ ಮೇಲೆ ಕಾಲು ಬಿಟ್ಟು, ಕ್ಲಚ್ ಒತ್ತಿ ನಿಲ್ಲಿಸಲು ಬರುವಾಗ ಮುಳ್ಳು 500ರ ಕೆಳಗೆ ಇಳಿದು, ಗಾಡಿ ಒಮ್ಮೆ ಮೈ ಕೊಡವಿ ಆಫ್. ಸೆಲ್ಫ್ ಹೊಡೆದರೆ ಆ ಕ್ಷಣವೇ ಸ್ಟಾರ್ಟ್. ಉಳಿದ ನಾಲ್ಕು ಸಲ ಕಥೆಯೇ ಬೇರೆ. ನಲವತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಿದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಸ್ವಿಚ್ ತೆಗೆದ ಹಾಗೆ ಆಫ್. ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಕಾಲು ಗಂಟೆ ಬಾನೆಟ್ ಎತ್ತಿಟ್ಟರೆ ಏನೂ ಆಗಿಯೇ ಇಲ್ಲ ಎಂಬಂತೆ ಹತ್ತುತ್ತದೆ.

ಎರಡನ್ನೂ ಬೆರೆಸಿ ಯೋಚಿಸಿದ್ದಕ್ಕೇ ಯಾವ ಉತ್ತರವೂ ಪೂರ್ತಿ ಹೊಂದುತ್ತಿರಲಿಲ್ಲ. ಬಿಸಿಯಾದಾಗ ಆಗುತ್ತದೆ ಅನ್ನೋಣವೆಂದರೆ ತಣ್ಣಗಿದ್ದಾಗಲೂ ಆಗಿದೆ. ಕಾಲು ಬಿಟ್ಟಾಗ ಆಗುತ್ತದೆ ಅನ್ನೋಣವೆಂದರೆ ಒತ್ತಿದ್ದಾಗಲೂ ಆಗಿದೆ.

ಮೊದಲ ಗುಂಪಿನಿಂದ ಶುರು ಮಾಡಿದೆ, ಯಾಕೆಂದರೆ ಅದು ಪದೇ ಪದೇ ಆಗುತ್ತಿತ್ತು. ಸ್ಕ್ಯಾನರ್ ಹಾಕಿದರೆ ಫಾಲ್ಟ್ ಕೋಡ್ ಒಂದೂ ಇಲ್ಲ. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಎಂದು ಸ್ಕ್ಯಾನರ್ ಮುಚ್ಚಿಡುವವರೇ ಹೆಚ್ಚು. ನಾನು ಲೈವ್ ಡೇಟಾದಲ್ಲಿ ಫ್ಯುಯೆಲ್ ಟ್ರಿಮ್ ನೋಡಿದೆ, ಅಂದರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲಿನ ಲೆಕ್ಕಕ್ಕೆ ಮಾಡಿಕೊಳ್ಳುವ ತಿದ್ದುಪಡಿ. ಲಾಂಗ್ ಟರ್ಮ್ ಟ್ರಿಮ್ ಐಡಲಿಂಗ್‌ನಲ್ಲಿ +11, 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿದರೆ +3. ಅಂದರೆ ಇಸಿಯು ಐಡಲಿಂಗ್‌ನಲ್ಲಿ ಲೆಕ್ಕಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ಸೆನ್ಸರ್ ಅಳೆಯದ ಗಾಳಿ ಎಲ್ಲಿಂದಲೋ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ನುಗ್ಗುತ್ತಿದೆ. ಎಂಜಿನ್ ಕಡಿಮೆ ಗಾಳಿ ಎಳೆಯುವಾಗ ಆ ಕಳ್ಳಗಾಳಿಯ ಪಾಲು ದೊಡ್ಡದು, ಹೆಚ್ಚು ಎಳೆಯುವಾಗ ಚಿಕ್ಕದು. ಅದಕ್ಕೇ 11 ಇದ್ದದ್ದು 3 ಆಗುತ್ತದೆ. ಪೆಟ್ರೋಲ್ ಪಂಪೇ ಸೋತಿದ್ದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು, ಹೆಚ್ಚು ಬೇಕಾದ ಕಡೆಯೇ ಕೊರತೆ ಕಾಣಬೇಕಿತ್ತು. ಚೆಕ್ ಎಂಜಿನ್ ಲ್ಯಾಂಪ್ ಹತ್ತಿಸುವಷ್ಟು ದೊಡ್ಡ ಸಂಖ್ಯೆ ಅಲ್ಲ, ಆದರೆ ಸುಳ್ಳು ಹೇಳುವ ಸಂಖ್ಯೆಯೂ ಅಲ್ಲ.

ಗಾಳಿ ಎಲ್ಲಿಂದ? ಪ್ಲಾಸ್ಟಿಕ್ ಪೈಪಿನ ಮುಚ್ಚಳಕ್ಕೆ ಟಯರ್ ವಾಲ್ವ್ ಕೂರಿಸಿ, ಏರ್ ಫಿಲ್ಟರಿನ ಹೋಸ್ ಬಿಚ್ಚಿ ಟರ್ಬೊ ಬಾಯಿಗೆ ಕ್ಲಾಂಪ್ ಹಾಕಿ ಬಿಗಿದೆ. ಬ್ರೀದರ್ ಹೋಸಿನ ಬಾಯಿ ಮುಚ್ಚಿದೆ, ಥ್ರಾಟಲ್ ತೆರೆದೇ ಇರುವಂತೆ ಪೆಡಲ್ ಒತ್ತಿ ಕಟ್ಟಿದೆ. ನನ್ನ ತಮ್ಮ ಕಾಲು ಪಂಪ್ ತುಳಿಯುತ್ತಿದ್ದ, ಗುಳ್ಳೆ ಎದ್ದಲ್ಲಿ ಸೋರಿಕೆ ಎಂದು ನಾನು ಸೋಪಿನ ನೀರು ಚಿಮುಕಿಸುತ್ತಿದ್ದೆ. 0.3 ಬಾರ್ ದಾಟಿಸುವುದರೊಳಗೆ ಅವನಿಗೆ ಬೆವರು. ಹೆಚ್ಚು ಒತ್ತಡ ಬೇಕಾಗಿಯೂ ಇಲ್ಲ, ಬಂದರೆ ಎಣ್ಣೆ ಸೀಲುಗಳಿಗೆ ಕೆಟ್ಟದ್ದು. ಇನ್ನೊಂದು ಮಾತು, ಆ ಮುಚ್ಚಳದ ನೇರಕ್ಕೆ ಮುಖ ಇಡಬೇಡಿ. ಜಾರಿದರೆ ಗುಂಡಿನ ಹಾಗೆ ಬರುತ್ತದೆ.

ದೊಡ್ಡ ಹೋಸುಗಳು, ಇಂಟರ್‌ಕೂಲರ್ ಜೋಡಣೆಗಳು, ಎಲ್ಲೂ ಒಂದು ಗುಳ್ಳೆಯೂ ಇಲ್ಲ. ಸೋತು ಎಂಜಿನ್ ಮೇಲೆ ಕೈ ಊರಿ ಎದ್ದೆ. ಹಳೆಯ ಮೌಂಟಿಂಗ್ ಮೇಲೆ ಎಂಜಿನ್ ಸ್ವಲ್ಪ ವಾಲಿತು. ಆಗ ಎಲ್ಲೋ ಕೆಳಗೆ ಹಾವು ಬುಸುಗುಟ್ಟಿದ ಹಾಗೆ ಸದ್ದು. ಕೈ ತೆಗೆದೆ, ನಿಂತಿತು. ಮತ್ತೆ ಒತ್ತಿದೆ, ಬುಸ್. ಟಾರ್ಚ್ ಬಿಟ್ಟು ನೋಡಿದರೆ, ಮ್ಯಾನಿಫೋಲ್ಡಿನಿಂದ ಬೈಪಾಸ್ ವಾಲ್ವಿಗೆ ಹೋಗುವ ಪೆನ್ಸಿಲಿಗಿಂತ ತೆಳ್ಳನೆಯ ವ್ಯಾಕ್ಯೂಮ್ ಹೋಸ್. ವಾಲ್ವಿನ ಮೂತಿಗೆ ಸಿಕ್ಕಿಸಿದ ಜಾಗದಲ್ಲೇ, ಕೆಳಗಿನ ಬದಿಯಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಸೀಳು. ಎಂಜಿನ್ ವಾಲಿದರೆ ಬಾಯಿ ಬಿಡುತ್ತದೆ, ನೆಟ್ಟಗಾದರೆ ಮುಚ್ಚಿಕೊಳ್ಳುತ್ತದೆ.

ಅಲ್ಲಿಗೆ ಏಳೂ ದಾಖಲೆಗಳು ಮಾತಾಡತೊಡಗಿದವು. ಕಾಲು ಬಿಟ್ಟಾಗ ಥ್ರಾಟಲ್ ಮುಚ್ಚುತ್ತದೆ, ಟರ್ಬೊ ಮಾತ್ರ ಅದೇ ವೇಗದಲ್ಲಿ ಗಾಳಿ ತಳ್ಳುತ್ತಲೇ ಇರುತ್ತದೆ. ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಆ ಸಣ್ಣ ಹೋಸಿನ ಮೂಲಕ ಬೈಪಾಸ್ ವಾಲ್ವನ್ನು ಎಳೆದು ತೆರೆದರೆ ಹೆಚ್ಚುವರಿ ಗಾಳಿ ಸುತ್ತಿ ಬಂದು ಟರ್ಬೊ ಬಾಯಿಗೇ ಸೇರಿಕೊಳ್ಳುತ್ತದೆ. ಹೋಸ್ ಸೀಳಿದ್ದರೆ ವಾಲ್ವ್ ಅರ್ಧಂಬರ್ಧ ತೆರೆಯುತ್ತದೆ. ದಾರಿ ಸಿಗದ ಗಾಳಿ ಟರ್ಬೊ ಮೂಲಕ ಹಿಂದಕ್ಕೆ ಹೊಡೆದು ಏರ್ ಫ್ಲೋ ಸೆನ್ಸರಿನವರೆಗೂ ಬರುತ್ತದೆ. ನನ್ನ ಕಾರಿನಂಥ ಹಳೇ ಬಿಸಿ ತಂತಿಯ ಸೆನ್ಸರಿಗೆ ಗಾಳಿ ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ತಿಳಿಯದು. ತಂತಿ ತಣಿಯಿತು ಅಂದರೆ ಗಾಳಿ ಹೋಯಿತು ಎಂದೇ ಲೆಕ್ಕ. ಇಲ್ಲದ ಗಾಳಿಗೆ ಪೆಟ್ರೋಲ್ ಬೀಳುತ್ತದೆ, ಆರ್‌ಪಿಎಂ ಇಳಿಯುವ ಹೊತ್ತಿನಲ್ಲೇ ಎಂಜಿನ್ ಉಸಿರುಗಟ್ಟುತ್ತದೆ.

ನಾಚಿಕೆಯ ವಿಷಯ ಏನೆಂದರೆ, ಸುಳಿವು ತಿಂಗಳುಗಟ್ಟಲೆ ನಮ್ಮ ಕಿವಿಗೇ ಬೀಳುತ್ತಿತ್ತು. ಕಾಲು ಬಿಟ್ಟಾಗ ಪಾರಿವಾಳ ರೆಕ್ಕೆ ಬಡಿದಂತೆ ಪಟಪಟ ಸದ್ದು. "ಏನ್ ಸೌಂಡ್ ಅಣ್ಣ ನಿನ್ ಟರ್ಬೊದು!" ಎಂದು ತಮ್ಮ ಹೊಗಳಿದ್ದೂ ಉಂಟು, ನಾನು ಬೀಗಿದ್ದೂ ಉಂಟು.

ಗೇಣುದ್ದದ ಹೊಸ ಹೋಸ್ ಹಾಕಿದೆ. ಟ್ರಿಮ್ ಐಡಲಿಂಗ್‌ನಲ್ಲಿ +2ಕ್ಕೆ ಇಳಿಯಿತು. ಆ ಜಾತಿಯ ಆಫ್ ಆಗುವಿಕೆ ಅಲ್ಲಿಗೆ ಮುಗಿಯಿತು.

ಎರಡನೆಯದು ಹಟಮಾರಿ. ಇದರ ಮೇಲೆ ನನ್ನ ಮೊದಲ ಸಂಶಯ ಪೆಟ್ರೋಲ್ ಪೂರೈಕೆ. ಪಂಪ್ ರಿಲೇಯನ್ನು ಅದೇ ನಂಬರಿನ ಹಾರ್ನ್ ರಿಲೇ ಜೊತೆ ಅದಲುಬದಲು ಮಾಡಿದೆ, ವ್ಯತ್ಯಾಸವಿಲ್ಲ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯುಯೆಲ್ ರೈಲಿಗೆ ಪ್ರೆಶರ್ ಗೇಜ್ ಜೋಡಿಸಿ, ಗಾಜಿನ ಹೊರಗಡೆ ವೈಪರಿನ ಕೆಳಗೆ ಭದ್ರವಾಗಿ ಕಟ್ಟಿ ಓಡಿಸಿದೆ. ಪೆಟ್ರೋಲ್ ತುಂಬಿದ ಆ ಪೈಪನ್ನು ಯಾವ ಕಾರಣಕ್ಕೂ ಕಾರಿನೊಳಗೆ ತರಬಾರದು. ಐಡಲಿಂಗ್‌ನಲ್ಲಿ 2.5 ಬಾರ್, ಟರ್ಬೊ ತುಂಬಿದಷ್ಟೂ ಅದಕ್ಕೆ ತಕ್ಕಂತೆ ಏರುತ್ತಿತ್ತು. ಎರಡನೇ ದಿನ, ಮೂರನೇ ಗೇರಿನಲ್ಲಿ, ಎಂಜಿನ್ ಆಫ್. ಗೇಜಿನ ಮುಳ್ಳು ಅಲ್ಲಾಡಲಿಲ್ಲ. ಆರ್‌ಪಿಎಂ ಮುಳ್ಳು ಧೊಪ್ಪನೆ ಸೊನ್ನೆಗೆ ಬಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಗೇರು ಹಾಕಿದೆ, ಕ್ಲಚ್ ಬಿಟ್ಟಿದೆ, ಕಾರು ಇನ್ನೂ ಉರುಳುತ್ತಿದೆ. ಪೆಟ್ರೋಲ್ ನಿಂತಿದ್ದರೂ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ, ಹಾಗಾಗಿ ಮುಳ್ಳು ಕಾರಿನ ವೇಗದ ಜೊತೆಗೇ ನಿಧಾನ ಇಳಿಯಬೇಕು. ಎಂಜಿನ್ ತಿರುಗುತ್ತಿದ್ದೂ ಮುಳ್ಳು ಸೊನ್ನೆ ಅಂದರೆ, ಅದು ತಿರುಗುತ್ತಿದೆ ಎಂಬ ಸುದ್ದಿಯೇ ಇಸಿಯುಗೆ ಮುಟ್ಟುತ್ತಿಲ್ಲ. ಪಕ್ಕಕ್ಕೆ ನಿಲ್ಲಿಸಿ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರ್ ನೋಡಿದೆ. ಮಾಮೂಲಿಯಾಗಿ ಸೆಲ್ಫ್ ತಿರುಗುವಾಗ 200ರ ಆಸುಪಾಸು ತೋರಿಸುವ ಜಾಗದಲ್ಲಿ 0. ಎಂಜಿನ್ ತಿರುಗುವುದನ್ನು ಗಮನಿಸಿ ಇಸಿಯುಗೆ ಹೇಳುವ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಇಲ್ಲ. ಸಿಗ್ನಲ್ ಇಲ್ಲದಿದ್ದರೆ ಇಸಿಯು ಕಿಡಿಯನ್ನೂ ಕೊಡುವುದಿಲ್ಲ, ಇಂಜೆಕ್ಟರನ್ನೂ ತೆರೆಯುವುದಿಲ್ಲ.

ಬಿಸಿಗೆ ಕ್ರ್ಯಾಂಕ್ ಸೆನ್ಸರ್ ಕೈಕೊಡುವುದು ಹಳೇ ಕಾರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಇದೇ ಅಂತ ಬದಲಾಯಿಸಿಬಿಡುವವನಿದ್ದೆ. ನೋಟ್‌ಬುಕ್ ನೆನಪಾಗಿ ಕೈ ತಡೆದೆ. ಸೆನ್ಸರ್ ಬಿಚ್ಚಿ ಮೇಜಿನ ಮೇಲಿಟ್ಟು ಮಲ್ಟಿಮೀಟರ್ ಹಚ್ಚಿದೆ: 870 ಓಮ್. ಹೇರ್ ಡ್ರೈಯರಿನಿಂದ ಬಿಸಿ ಮಾಡುತ್ತಾ ಹೋದೆ. 900, 950, 1000, 1040. ತಾಮ್ರದ ತಂತಿಯ ರೆಸಿಸ್ಟೆನ್ಸ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.4ರಷ್ಟು ಏರುತ್ತದೆ, ಆದ್ದರಿಂದ ಈ ಏರಿಕೆ ಸಹಜ. ಒಳಗೆ ತಂತಿ ತುಂಡಾಗಿದ್ದರೆ ಮೀಟರ್ ಒಮ್ಮೆಲೇ ಓಪನ್ ತೋರಿಸಬೇಕಿತ್ತು. ಮುಟ್ಟಲಾಗದಷ್ಟು ಬಿಸಿಯಾದರೂ ಸೆನ್ಸರ್ ಜಗ್ಗಲಿಲ್ಲ.

ಸರಿ, ವೈರಿಂಗ್. ಬ್ಯಾಟರಿ ತೆಗೆದು, ಇಸಿಯು ಕಪ್ಲರ್ ಬಿಚ್ಚಿ, ಅಲ್ಲಿಂದಲೇ ಸೆನ್ಸರಿನ ಎರಡು ಪಿನ್ನುಗಳ ನಡುವೆ ಅಳೆದೆ. ವೈರನ್ನು ಗೇಣು ಗೇಣು ಬಿಸಿ ಮಾಡಿ ಅಲುಗಾಡಿಸಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ರೀಡಿಂಗ್ ಬಂಡೆಯ ಹಾಗೆ ನಿಂತಿತ್ತು. ರಾತ್ರಿ ಮಲಗಿದಾಗ ಹೊಳೆಯಿತು: ನಾನು ವೈರ್ ತುಂಡಾಗಿದೆಯಾ ಎಂದಷ್ಟೇ ನೋಡುತ್ತಿದ್ದೇನೆ, ಎಲ್ಲಾದರೂ ತಾಗುತ್ತಿದೆಯಾ ಎಂದು ನೋಡಿಯೇ ಇಲ್ಲ.

ಮರುದಿನ ಮೀಟರಿನ ಒಂದು ತುದಿ ಸಿಗ್ನಲ್ ಪಿನ್ನಿಗೆ, ಇನ್ನೊಂದು ಬಾಡಿ ಆರ್ತಿಗೆ. ಏನೂ ತೋರಿಸಬಾರದು, ತೋರಿಸಲೂ ಇಲ್ಲ. ಹೇರ್ ಡ್ರೈಯರ್ ಹಿಡಿದು ಟರ್ಬೊ ಹಿಂದಿನ ತಿರುವಿಗೆ ಬಂದೆ, ವೈರನ್ನು ಸ್ವಲ್ಪ ಬಗ್ಗಿಸಿದೆ. ಮೀಟರ್ ಕಿರ್ ಎಂದು ಕೂಗಿತು. ಮೂರು ಓಮ್.

ಮೇಲಿನ ಟೇಪ್ ಸುಲಿದಾಗ ಒಳಗಿನ ಇನ್ಸುಲೇಶನ್ ಒಣಗಿದ ಮೊಟ್ಟೆ ಸಿಪ್ಪೆಯ ಹಾಗೆ ಚೂರುಚೂರಾಗಿ ಬೆರಳಿಗೆ ಬಂತು. ಸಿಗ್ನಲ್ ವೈರಿನ ಬರಿ ತಾಮ್ರ, ಸುತ್ತ ಹೆಣೆದ ಆರ್ತ್ ಜಾಲರಿಗೆ ಬಿಸಿಯಲ್ಲಿ ತಾಗುತ್ತಿತ್ತು, ತಣಿದಾಗ ಬಿಡಿಸಿಕೊಳ್ಳುತ್ತಿತ್ತು. ಕಾರಣವೂ ಪಕ್ಕದಲ್ಲೇ ಇತ್ತು. ಟರ್ಬೊ ಮೇಲಿನ ಹೀಟ್ ಶೀಲ್ಡಿನ ಒಂದು ಬೋಲ್ಟ್ ಇಲ್ಲ, ವೈರ್ ಹಿಡಿದಿಡುವ ಕ್ಲಿಪ್ಪೂ ಇಲ್ಲ. ಹಿಂದೆ ಯಾವಾಗಲೋ ಟರ್ಬೊ ಇಳಿಸಿದಾಗ ಯಾರೋ ಮರೆತದ್ದು. ಪೆಟ್ರೋಲ್ ಟರ್ಬೊಗೆ ಪೂರ್ತಿ ಲೋಡಿನಲ್ಲಿ ನುಗ್ಗುವ ಹೊಗೆಯ ಬಿಸಿ 900 ಡಿಗ್ರಿ ಮುಟ್ಟಬಲ್ಲದು; ಅದರ ಎದುರು ಸಾಮಾನ್ಯ ವೈರ್ ಇಷ್ಟು ವರ್ಷ ತಡೆದದ್ದೇ ದೊಡ್ಡದು. ಜೋರಾಗಿ ಓಡಿಸುವಾಗ ಸರಿ ಇದ್ದು, ವೇಗ ಇಳಿಸಿದ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತಿದ್ದುದೂ ಇದರಿಂದಲೇ. ಬೀಸುಗಾಳಿ ನಿಂತ ಮೇಲೆ ಬಾನೆಟ್ ಒಳಗಿನ ಬಿಸಿ ಇಳಿಯುವುದಿಲ್ಲ, ಏರುತ್ತದೆ.

ಜಾಲರಿ ಇರುವ ಹೊಸ ಎರಡೆಳೆ ವೈರ್ ಎಳೆದೆ. ಜಾಲರಿಯನ್ನು ಇಸಿಯು ಕಡೆಯಲ್ಲಿ ಮಾತ್ರ ಆರ್ತ್ ಮಾಡಿದೆ, ಎರಡೂ ಕಡೆ ಮಾಡಿದರೆ ಸಿಗ್ನಲ್ಲಿಗೆ ಗಲಾಟೆ ಸೇರುತ್ತದೆ. ಮೇಲೆ ಬಿಸಿ ತಡೆಯುವ ಫೈಬರ್ ಗ್ಲಾಸ್ ಸ್ಲೀವ್, ದಾರಿಯನ್ನೂ ಟರ್ಬೊದಿಂದ ದೂರಕ್ಕೆ ತಿರುಗಿಸಿ ಹೊಸ ಕ್ಲಿಪ್. ಶೀಲ್ಡಿಗೆ ಬೋಲ್ಟ್.

ಪರೀಕ್ಷೆಗೆಂದು ಒಂದೂವರೆ ಗಂಟೆ ಏರು ರಸ್ತೆಯಲ್ಲಿ ಓಡಿಸಿ, ತಂದು ನಿಲ್ಲಿಸಿ, ಬಾನೆಟ್ ಮುಚ್ಚಿಯೇ ಅರ್ಧ ಗಂಟೆ ಐಡಲಿಂಗ್ ಬಿಟ್ಟೆ. ತಮ್ಮ ಪಕ್ಕದ ಸೀಟಿನಲ್ಲಿ ಸ್ಕ್ಯಾನರ್ ಹಿಡಿದು ಆರ್‌ಪಿಎಂ ಗೆರೆ ನೋಡುತ್ತಾ ಕೂತಿದ್ದ. ಗೆರೆ ಎಲ್ಲೂ ಕಡಿಯಲಿಲ್ಲ. ನೋಟ್‌ಬುಕ್ ಇನ್ನೂ ಆ ಡ್ರಾಯರಿನಲ್ಲೇ ಇದೆ. ಗೇಜ್ ಕಟ್ಟಿದ ದಿನ ಬರೆದದ್ದು ಹನ್ನೆರಡನೇ ದಾಖಲೆ. ಹತ್ತು ತಿಂಗಳಾಯಿತು, ಹದಿಮೂರನೆಯದು ಬರೆದಿಲ್ಲ. ಗ್ಯಾರೇಜಿನವರು ಬಿಚ್ಚಿಕೊಟ್ಟಿದ್ದ ಹಳೇ ಫ್ಯುಯೆಲ್ ಪಂಪನ್ನು ಪರೀಕ್ಷಿಸಿ ನೋಡಿದೆ, ಏನೂ ಆಗಿಲ್ಲ. ಡಿಕ್ಕಿಯಲ್ಲಿ ಸ್ಪೇರ್ ಅಂತ ಇಟ್ಟಿದ್ದೇನೆ. ತಮ್ಮನಿಗೆ ಮಾತ್ರ ಬೇಜಾರು, ಆ ಪಟಪಟ ಸದ್ದು ಹೋಯಿತಲ್ಲ ಅಂತ.