ಮಳೆ ಬಂದಾಗ ಬಚ್ಚಲು ಉಕ್ಕುತ್ತಿದ್ದ ಮನೆ

ಬೆಂಗಳೂರಿನ ಈಜಿಪುರದ ಕಡೆ ಒಂದು ತಗ್ಗಿನ ರಸ್ತೆ. ಜೋರು ಮಳೆ ಬಂದರೆ ಕೊನೆಯ ಮನೆಯ ಬಚ್ಚಲಲ್ಲಿ ಮೊದಲು ಗುಳುಗುಳು ಸದ್ದು. ಹಿಂದೆಯೇ ಜಿರಳೆಗಳು. ಹತ್ತು ನಿಮಿಷದಲ್ಲಿ ಕಪ್ಪು ನೀರು ಉಕ್ಕಿ ಅಡುಗೆಮನೆ ತನಕ ಬರುತ್ತಿತ್ತು. ಆ ಮನೆಯ ಅಜ್ಜಿ ಅಕ್ಕಿ ಡಬ್ಬ, ದೇವರ ಫೋಟೊ ಎಲ್ಲ ಅಟ್ಟದ ಮೇಲಿಟ್ಟು ಮಳೆಗಾಲ ಕಳೆಯುತ್ತಿದ್ದರು.

ನಾನು ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಕೆಲಸ ಮಾಡುವ ಪ್ಲಂಬರ್. ಬ್ಲಾಕ್ ಇರಬೇಕು ಅಂದುಕೊಂಡೆ. ಜೋರಾಗಿ ನೀರು ಹಾಯಿಸುವ ಜೆಟ್ಟಿಂಗ್ ಗಾಡಿ ಬಂದು ಲೈನ್ ಪೂರ್ತಿ ತೊಳೆಯಿತು. ಮುಂದಿನ ಮಳೆಗೆ ಮತ್ತೆ ಅದೇ ಕಥೆ. "ಮಳೆ ಇಲ್ದಾಗ ಸರಾಗವಾಗಿ ಹೋಗುತ್ತಪ್ಪ" ಅಂದರು ಅಜ್ಜಿ. ನನಗೆ ದಾರಿ ತೋರಿಸಿದ್ದು ಆ ಮಾತೇ. ಬ್ಲಾಕ್ ಆಗಿದ್ದರೆ ಬಿಸಿಲಲ್ಲೂ ಕಟ್ಟಬೇಕಿತ್ತು, ಅಲ್ವಾ?

ಬೆಂಗಳೂರಲ್ಲಿ ಮಳೆನೀರಿಗೆ ರಸ್ತೆ ಬದಿಯ ಚರಂಡಿ, ಕೊಳಚೆಗೆ ನೆಲದಡಿಯ ಪೈಪು. ಎರಡೂ ಬೇರೆ. ಆದರೆ ಮನೆ ಕಟ್ಟುವಾಗ ತಾರಸಿ ಪೈಪನ್ನು ಹತ್ತಿರದ ಕೊಳಚೆ ಚೇಂಬರ್‌ಗೇ ಸೇರಿಸಿಬಿಡುತ್ತಾರೆ. 1,200 ಚದರಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್. ತಲೆಗೆ 135 ಲೀಟರ್ ಲೆಕ್ಕದಲ್ಲಿ ನಾಲ್ಕು ಜನ ಹತ್ತು ದಿನ ಬಳಸುವಷ್ಟು ನೀರು! ಅಷ್ಟೂ ಒಂದೆರಡು ಗಂಟೆಯಲ್ಲಿ ಇಳಿದರೆ ಪೈಪು ಹೇಗೆ ತಾಳೀತು? ತಗ್ಗಿನ ಮನೆಯಲ್ಲೇ ಬಾಯಿ ಬಿಡುತ್ತದೆ.

ಒಂದು ಭಾನುವಾರ ಮಧ್ಯಾಹ್ನ, ನೀರಿನ ಬಳಕೆ ಕಡಿಮೆ ಇರುವ ಹೊತ್ತು ನೋಡಿ ಶುರು ಮಾಡಿದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿಗೆ ಬೆರೆಸಿ ಒಂದೊಂದೇ ಮನೆಯ ತಾರಸಿ ಪೈಪಿಗೆ ಸುರಿದೆ. ನನ್ನ ಹುಡುಗ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆದು, ಸುತ್ತ ಹಗ್ಗ ಕಟ್ಟಿ, ಮೇಲಿಂದಲೇ ನೋಡುತ್ತಿದ್ದ. ಒಳಗೆ ಯಾರನ್ನೂ ಇಳಿಸಬಾರದು. 2013ರ ಕಾಯ್ದೆ ಇದೆ, ಅದಕ್ಕಿಂತ ಮೊದಲು ವಿಷಗಾಳಿ ಇದೆ. ಬೂದು ನೀರಲ್ಲಿ ನೀಲಿ ಗೆರೆ ಕಂಡ ಕೂಡಲೇ "ಬಂತಣ್ಣಾ!" ಅಂತ ಕೂಗುತ್ತಿದ್ದ. 22 ಮನೆಗಳಲ್ಲಿ ಒಂಬತ್ತು ಸಲ ಕೂಗಿದ.

"ನಮ್ಮನೆಗೇನೂ ನೀರು ನುಗ್ಗಿಲ್ವಲ್ಲ, ನಾನ್ಯಾಕೆ ಖರ್ಚು ಮಾಡ್ಲಿ?" ಅಂದರು ಎತ್ತರದ ಮನೆಯವರೊಬ್ಬರು. ಸುಮ್ನೆ ಅವರನ್ನು ಅಜ್ಜಿ ಮನೆಗೆ ಕರೆದುಕೊಂಡು ಹೋದೆ. ಗೋಡೆ ಮೇಲೆ ಮೊಣಕಾಲೆತ್ತರಕ್ಕೆ ಕಪ್ಪು ಗೆರೆ. ಆ ವಾರವೇ ಪೈಪು ಬದಲಾಯಿಸಿಕೊಂಡರು. ಒಟ್ಟು ಏಳು ಮನೆಯ ತಾರಸಿ ನೀರು ಈಗ ಚರಂಡಿಗೋ ಸಂಪಿಗೋ ಹೋಗುತ್ತದೆ.

ಅಜ್ಜಿಯ ಚೇಂಬರ್‌ಗೆ ನಾನ್ ರಿಟರ್ನ್ ವಾಲ್ವ್ ಕೂಡ ಹಾಕಿದೆ. ರಸ್ತೆ ಲೈನ್ ತುಂಬಿ ನೀರು ಹಿಂದೆ ಒತ್ತಿದರೆ ಅದರೊಳಗಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ಎಚ್ಚರ: ಅದು ಮುಚ್ಚಿದಾಗ ಮನೆಯ ನೀರೂ ಹೊರಗೆ ಹೋಗಲ್ಲ. ಮಳೆ ನಿಲ್ಲುವವರೆಗೆ ಸ್ನಾನ, ಬಟ್ಟೆ ಒಗೆಯೋದು ಬೇಡ. ಕೂದಲು ಸಿಕ್ಕಿಕೊಂಡರೆ ಬಾಗಿಲು ಪೂರ್ತಿ ಮುಚ್ಚಲ್ಲ. ತಿಂಗಳಿಗೊಮ್ಮೆ ನಾನೇ ಹೋಗಿ ಕ್ಲೀನ್ ಮಾಡುತ್ತೇನೆ.

ಇನ್ನೂ ಎರಡು ಮನೆ ಒಪ್ಪಿಲ್ಲ. ಮಾವಿನ ಮಳೆ ಶುರುವಾಗುವ ಮುಂಚೆ ಮತ್ತೆ ಹೋಗಿ ಕೇಳಬೇಕು. ಈ ಸಲ ಅಜ್ಜಿಯೂ ಜೊತೆಗೆ ಬರ್ತೀನಿ ಅಂದಿದ್ದಾರೆ.